ಮೂಲವನ್ನು ಮುಟ್ಟದ ತಿದ್ದುಪಡಿ

ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಗರಿಯ ಮೇಲಿನ ಅಕ್ಷರವನ್ನು ಕೆರೆದು ತಿದ್ದುವುದಿಲ್ಲ. ತಮ್ಮ ಓದನ್ನು ಬೇರೆ ಹಾಳೆಯಲ್ಲಿ ಬರೆದು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಒಪ್ಪದವರು ಮೂಲಕ್ಕೇ ಹೋಗಿ ನೋಡಬಹುದು. ಮುಕ್ತ ತಂತ್ರಾಂಶಗಳ ಲೋಕದಲ್ಲಿ ಡಿಜಿಟಲ್ ಛಾಯಾಚಿತ್ರಕ್ಕೆ ಈ ಶಿಸ್ತು ನಿಧಾನವಾಗಿ ಬಂತು.

ಬರ್ಕ್ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1996ರಲ್ಲಿ ಜಿಂಪ್ ಅನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಅದರ ಫಿಲ್ಟರುಗಳು ಪಿಕ್ಸೆಲ್‌ಗಳನ್ನೇ ಬದಲಿಸುತ್ತಿದ್ದವು. ಹಳೆಯ ಕಡತದ ಮೇಲೆಯೇ ಉಳಿಸಿ ಮುಚ್ಚಿದರೆ ಹಿಂದಿರುಗುವ ದಾರಿಯಿರಲಿಲ್ಲ.

ಇನ್ನೊಂದು ತೊಡಕು ಕ್ಯಾಮೆರಾದೊಳಗೇ ಇತ್ತು. ಸಂವೇದಕ ಅಳೆದ ಬೆಳಕನ್ನು ಹಾಗೆಯೇ ಹಿಡಿದಿಡುವ ರಾ ಕಡತವನ್ನು ಒಂದೊಂದು ಕಂಪನಿಯೂ ತನ್ನದೇ ರೂಪದಲ್ಲಿ ಬರೆಯುತ್ತಿತ್ತು. 1997ರಲ್ಲಿ ಡೇವ್ ಕಾಫಿನ್ ಈ ರೂಪಗಳನ್ನು ಒಂದೊಂದಾಗಿ ಬಿಡಿಸಿ ಓದುವ ಡಿಸಿರಾ ಎಂಬ ಪ್ರೋಗ್ರಾಮನ್ನು ಆರಂಭಿಸಿದರು. 2005ರ ಹೊತ್ತಿಗೆ ನಿಕಾನ್‌ನ ಡಿ2ಎಕ್ಸ್ ಕ್ಯಾಮೆರಾ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗೂಢಲಿಪಿಯಲ್ಲಿ ಬರೆಯುತ್ತಿತ್ತು. ಕಾಫಿನ್ ಅದನ್ನೂ ಬಿಡಿಸಿದರು. ಚಿತ್ರ ತೆಗೆದವರಿಗೆ ತಮ್ಮ ಚಿತ್ರವನ್ನು ಪೂರ್ತಿ ಓದುವ ಹಕ್ಕು ಇದೆಯೇ ಎಂಬುದೇ ಅಲ್ಲಿದ್ದ ಪ್ರಶ್ನೆ.

ಮೂಲವನ್ನು ಓದಲು ಬಂದ ಮೇಲೆ ಅದನ್ನು ಕಾಪಾಡುವ ಮಾತು. ಹಂಗೇರಿಯ ಗಾಬೋರ್ ಹೊರ್ವಾತ್ ಆರಂಭಿಸಿದ ರಾಥೆರಪಿ 2010ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದಕ್ಕೆ ಒಂದು ವರ್ಷ ಮೊದಲು ಯೋಹಾನೆಸ್ ಹನಿಕಾ ಡಾರ್ಕ್‌ಟೇಬಲ್ ಶುರುಮಾಡಿದ್ದರು. ಇವೆರಡೂ ರಾ ಕಡತದ ಚಿತ್ರವನ್ನು ಮುಟ್ಟುವುದಿಲ್ಲ. ಬೆಳಕು ಎಷ್ಟು ಹೆಚ್ಚಿಸಬೇಕು, ಅಂಚು ಎಲ್ಲಿ ಕತ್ತರಿಸಬೇಕು ಎಂಬ ಸೂಚನೆಗಳನ್ನು ಪಕ್ಕದ ಪುಟ್ಟ ಕಡತದಲ್ಲಿ ಬರೆದಿಟ್ಟು, ಚಿತ್ರ ತೆರೆದಾಗಲೆಲ್ಲ ಮೂಲದಿಂದಲೇ ಮತ್ತೆ ಲೆಕ್ಕ ಹಾಕುತ್ತವೆ. ಒಂದೇ ಮೂಲಕ್ಕೆ ಹತ್ತು ಓದುಗಳಿರಬಹುದು.

ಜಿಂಪ್‌ಗೆ ಈ ದಾರಿ ಉದ್ದವಾಯಿತು. ಅದಕ್ಕೆ ಬೇಕಾದ ಜೆಗಲ್ ಎಂಬ ಎಂಜಿನ್ನಿನ ಕೆಲಸ 2000ದಲ್ಲೇ ಆರಂಭವಾಗಿತ್ತು. ಆದರೆ ಫಿಲ್ಟರುಗಳನ್ನು ಹಾಕಿದ ಮೇಲೂ ಬದಲಿಸುವ, ತೆಗೆದುಹಾಕುವ ಅನುಕೂಲ ಬಂದದ್ದು 2025ರ ಮಾರ್ಚ್‌ನಲ್ಲಿ, 3.0 ಆವೃತ್ತಿಯೊಂದಿಗೆ.

ಆದರೂ ಒಂದು ತೊಡಕು ಉಳಿದಿದೆ. ರಾಥೆರಪಿಯ ಪಿಪಿ3 ಕಡತವನ್ನು ಸಾದಾ ಪಠ್ಯವಾಗಿ ತೆರೆದು ಓದಬಹುದು. ಡಾರ್ಕ್‌ಟೇಬಲ್‌ನ ಎಕ್ಸ್‌ಎಂಪಿಯಲ್ಲಿ ಹಂತಗಳ ಹೆಸರು ಕಂಡರೂ ಅಳತೆಗಳು ಸಂಕೇತದಲ್ಲಿರುತ್ತವೆ. ಒಂದರ ತಿದ್ದುಪಡಿಗಳನ್ನು ಇನ್ನೊಂದು ಹಾಗೆಯೇ ಮರುಸೃಷ್ಟಿಸಲಾರದು. ಹಾಗಾಗಿ ಹಳೆಯ ತಿದ್ದುಪಡಿಗಳು ಕೆಡದಿರಲೆಂದು ಡಾರ್ಕ್‌ಟೇಬಲ್ ಕೈಬಿಟ್ಟ ಮಾಡ್ಯೂಲುಗಳನ್ನೂ ಒಳಗೆ ಉಳಿಸಿಕೊಂಡಿದೆ. ಮೂಲವನ್ನು ಕಾಪಾಡಿದರಷ್ಟೇ ಸಾಲದು, ಟಿಪ್ಪಣಿಯ ಭಾಷೆ ಬಲ್ಲವರೂ ಉಳಿಯಬೇಕು. ಆ ಭಾಷೆಯ ವ್ಯಾಕರಣ, ಅಂದರೆ ತಂತ್ರಾಂಶದ ಆಕರ ಸಂಕೇತ, ಎಲ್ಲರಿಗೂ ತೆರೆದಿರುವುದೇ ಇಲ್ಲಿನ ಭರವಸೆ.