ತಾಲ್ಲೂಕು ಆದರೆ ಪ್ಲಾಟಿನ ರೇಟು ಡಬಲ್ ಆಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಯರಗಟ್ಟಿ ಈಗ ತಾಲ್ಲೂಕು. ಮೇನ್ ರೋಡಿಗೆ ಹತ್ತಿರ ಪ್ಲಾಟ್. ಎನ್ಎ ಆಗಿದೆ. ಸದ್ಯಕ್ಕೆ ಬಾಂಡ್ ಮೇಲೆ ಬರೆದುಕೊಡುತ್ತೇವೆ. ಎರಡು ವರ್ಷದಲ್ಲಿ ರೇಟು ಡಬಲ್!”

ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಊರಿನ ಹೆಸರು ಬೇರೆ ಇರಬಹುದು, ಮಾತು ಮಾತ್ರ ಇದೇ. ಇದನ್ನು ನಂಬಿ ಮಗಳ ಮದುವೆಗೆ ಕೂಡಿಟ್ಟ ಹಣವನ್ನೋ ಹೊಲ ಮಾರಿದ ಹಣವನ್ನೋ ಹಾಕುವವರಿದ್ದಾರೆ. ಆದ್ದರಿಂದ ಇದರಲ್ಲಿನ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮಾತು 1: ತಾಲ್ಲೂಕು ಆಯಿತು, ರೇಟು ಏರಲೇಬೇಕು

ಇದು ಅರ್ಧ ಸತ್ಯ. ಸವದತ್ತಿ ತಾಲ್ಲೂಕಿನಿಂದ ಬೇರೆಯಾದ ಯರಗಟ್ಟಿಯಲ್ಲಿ ಬೆಳಗಾವಿ–ಬಾಗಲಕೋಟೆ ರಸ್ತೆ ಮತ್ತು ಗೋಕಾಕ–ಸವದತ್ತಿ ರಸ್ತೆ ಕೂಡುತ್ತವೆ. ಇಂಥ ಊರಿಗೆ ಕಚೇರಿಗಳು ಬಂದರೆ ನೌಕರರು ಬರುತ್ತಾರೆ, ಅಂಗಡಿಗಳು ಹೆಚ್ಚುತ್ತವೆ. ಮಕ್ಕಳ ಶಾಲೆಗಾಗಿ ಸುತ್ತಲಿನ ಹಳ್ಳಿಯವರೂ ಬಂದು ಬಾಡಿಗೆ ಮನೆ ಹುಡುಕುತ್ತಾರೆ. ಇದು ನಿಜವಾದ ಬೇಡಿಕೆ.

ಆದರೆ ವಾಸಕ್ಕೆ ಮನೆ ಬೇಕೆನ್ನುವವರು ಬೇರೆ, ಮುಂದೆ ಮಾರಲೆಂದು ಪ್ಲಾಟ್ ಹಿಡಿಯುವವರು ಬೇರೆ. ಎರಡನೆಯವರೇ ಹೆಚ್ಚಾದರೆ ರೇಟು ಏರಿದಂತೆ ಕಾಣುತ್ತದೆ, ಮನೆಗಳು ಮಾತ್ರ ಏಳುವುದಿಲ್ಲ. ಎಲ್ಲರೂ ಒಮ್ಮೆಲೇ ಮಾರಲು ಹೊರಟರೆ ಕೊಳ್ಳುವವರೇ ಇರುವುದಿಲ್ಲ. ಪರೀಕ್ಷಿಸಲು ಸುಲಭ ದಾರಿಯಿದೆ. ಅದೇ ಊರಿನಲ್ಲಿ ಹತ್ತು ವರ್ಷ ಹಳೆಯ ಲೇಔಟ್‌ಗೆ ಸಂಜೆ ಏಳಕ್ಕೆ ಹೋಗಿ, ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಎಣಿಸಿ.

ಹೊಲ ಊರಾಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮರಳಿದಾಗ ಅಮೆರಿಕದಲ್ಲಿ ಮನೆಗಳ ಕೊರತೆ ಇತ್ತು. 1947ರಿಂದ 1951ರೊಳಗೆ ನ್ಯೂಯಾರ್ಕ್ ಹತ್ತಿರದ ಆಲೂಗಡ್ಡೆ ಹೊಲಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳ ಲೆವಿಟೌನ್ ಎದ್ದಿತು. ಅಲ್ಲಿ ಮಾರಿದ್ದು ಖಾಲಿ ಜಾಗವನ್ನಲ್ಲ, ಕಟ್ಟಿದ ಮನೆಯನ್ನು. ಹಿಂದೆ ಸರ್ಕಾರದ ಖಾತ್ರಿಯಿದ್ದ ಗೃಹಸಾಲ ಇತ್ತು, ನಗರದಲ್ಲಿ ಉದ್ಯೋಗ ಇತ್ತು. ಆಗಲೂ ಕರಿಯರಿಗೆ ಅಲ್ಲಿ ಮನೆ ಕೊಡಲಿಲ್ಲ. ಊರು ಯಾರಿಗಾಗಿ, ಹೇಗೆ ಬೆಳೆಯಬೇಕು ಎಂಬುದನ್ನು ಬೇಡಿಕೆಯ ಜೊತೆಗೆ ನಿಯಮ ಮತ್ತು ಸಾಲವೂ ನಿರ್ಧರಿಸುತ್ತವೆ.

ಮಾತು 2: ಎನ್ಎ ಆಗಿದೆ, ಇನ್ನೇನು ಚಿಂತೆ?

ತಪ್ಪು. ಎನ್ಎ ಎಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಲು ಸಿಕ್ಕ ಅನುಮತಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ಲೇಔಟ್ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇರೆಯೇ ಬೇಕು.

ಆ ಮಂಜೂರಾತಿ ಇಲ್ಲದ ಪ್ಲಾಟ್ ಏಕೆ ಅಗ್ಗ? ಲೆಕ್ಕ ಹಾಕೋಣ. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆಗೆ, ಉದ್ಯಾನಕ್ಕೆ ಏನೂ ಬಿಡದಿದ್ದರೆ 30×40 ಅಳತೆಯ 36 ಪ್ಲಾಟ್ ಆಗುತ್ತವೆ. ಶೇ 40ರಷ್ಟು ಜಾಗ ಬಿಟ್ಟರೆ 21 ಮಾತ್ರ. ನಿಮಗೆ ಸಿಕ್ಕ ‘ರಿಯಾಯಿತಿ’ ಬಂದದ್ದು ಹೆಚ್ಚಾಗಿ ಈ ಬಿಡದ ಜಾಗದಿಂದಲೇ. ಮುಂದೆ ಅಂಬುಲೆನ್ಸ್ ತಿರುಗದ ಓಣಿ, ನೀರು ಹರಿಯದ ಚರಂಡಿ ನಿಮ್ಮ ಪಾಲಿಗೆ ಬರುತ್ತವೆ.

ಬೈಲಹೊಂಗಲ, ಸವದತ್ತಿ ಕಡೆ ಎರೆ ಹೊಲಗಳು ಬಹಳ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಚರಂಡಿ ಇಲ್ಲದ ಕಡೆ ನೀರು ಅಡಿಪಾಯದ ಸುತ್ತಲೇ ನಿಂತರೆ ಗೋಡೆ ಸೀಳುವ ಅಪಾಯ ಹೆಚ್ಚು. ಆ ಖರ್ಚು ಪ್ಲಾಟಿನ ರೇಟಿನಲ್ಲಿ ಕಾಣುವುದಿಲ್ಲ.

ಮಾತು 3: ಬಾಂಡ್ ಇದ್ದರೆ ಸಾಕು

ಪೂರ್ತಿ ಸುಳ್ಳು. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ನೋಂದಣಿ ಆಗಲೇಬೇಕು. ಜಿಪಿಎ ಮೂಲಕ ನಡೆದ ‘ಮಾರಾಟ’ದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನೂ ಒಂದು ಮಾತು: ನೋಂದಣಿ ಆದರೂ ಮಾರಿದವನಿಗೆ ಹಕ್ಕು ಇತ್ತೆಂದು ಸಬ್ ರಿಜಿಸ್ಟ್ರಾರ್ ಕಚೇರಿ ಖಾತ್ರಿ ಕೊಡುವುದಿಲ್ಲ. ಅದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

“ಆಮೇಲೆ ಸಕ್ರಮ ಆಗುತ್ತೆ ಬಿಡಿ” ಎನ್ನುವವರೂ ಇದ್ದಾರೆ. ರಾಜ್ಯದ ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತ್ತು. ಅನಧಿಕೃತ ನಿವೇಶನಕ್ಕೆ ಬಿ-ಖಾತಾ ಸಿಕ್ಕರೂ ಅದರಿಂದ ಲೇಔಟ್ ಸಕ್ರಮವಾಗುವುದಿಲ್ಲ.

ಮುಂಗಡ ಕೊಡುವ ಮುನ್ನ

- ಜಾಗದಲ್ಲೇ ನಿಂತು ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ.
- ‘ಭೂಮಿ’ ತಾಣದಲ್ಲಿ ಉತಾರ ತೆಗೆಯಿರಿ. 9ನೇ ಕಲಮಿನಲ್ಲಿ ಮಾಲೀಕರ ಹೆಸರು, 11ನೇ ಕಲಮಿನಲ್ಲಿ ಸಾಲ ಮತ್ತು ಇತರ ಹಕ್ಕುಗಳ ವಿವರ ಇರುತ್ತದೆ.
- ‘ಕಾವೇರಿ’ ತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ ಪಡೆಯಿರಿ.
- ಎನ್ಎ ಆದೇಶ ಮತ್ತು ಮಂಜೂರಾದ ಲೇಔಟ್ ನಕ್ಷೆ ಎರಡನ್ನೂ ಕೇಳಿ. ನಕ್ಷೆಯಲ್ಲಿನ ಉದ್ಯಾನವನ್ನೇ ಪ್ಲಾಟ್ ಮಾಡಿ ಮಾರುತ್ತಿಲ್ಲವೇ ನೋಡಿ.
- ಪಟ್ಟಣದ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ, ಗ್ರಾಮ ಪಂಚಾಯ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಕಾರಣ ವಿಚಾರಿಸಿ.
- ಎಲ್ಲ ಕಾಗದಗಳನ್ನು ಮಾರುವವರ ಪರಿಚಯದವರಲ್ಲದ ವಕೀಲರಿಗೆ ತೋರಿಸಿ.

ನಮ್ಮ ತೀರ್ಮಾನ

ತಾಲ್ಲೂಕು ಕೇಂದ್ರವಾದರೆ ಊರು ಬೆಳೆಯಬಹುದು. ಆದರೆ ಆ ಬೆಳವಣಿಗೆ ನಿಮ್ಮ ಪ್ಲಾಟಿನವರೆಗೆ ಬರುತ್ತದೆ ಎಂಬ ಖಾತ್ರಿ ಯಾವ ಫಾರ್ವರ್ಡ್‌ನಲ್ಲೂ ಇಲ್ಲ. “ಇವತ್ತೇ ಬುಕ್ ಮಾಡಿ, ನಾಳೆ ಸಿಗಲ್ಲ” ಎಂದು ಅವಸರ ಮಾಡುವವರಿಗೆ ಒಂದೇ ಉತ್ತರ ಸಾಕು: “ಮೊದಲು ಉತಾರ ಕಳಿಸಿ.”