ಬೆಂಗಳೂರಿಗಿಂತ ಮೊದಲು ಹಳ್ಳಿ ಶಾಲೆಗೆ ಬಂದ ಟಿ.ವಿ.

ಕರ್ನಾಟಕದಲ್ಲಿ ಟಿ.ವಿ. ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರಿನ ಹೆಸರು ಹೇಳುತ್ತಾರೆ. ಆದರೆ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿ ಮಕ್ಕಳು ತಮ್ಮ ಶಾಲೆಯಲ್ಲೇ ಕುಳಿತು ಕನ್ನಡದಲ್ಲಿ ಟಿ.ವಿ. ನೋಡುತ್ತಿದ್ದರು. ಅದೂ ಪಕ್ಕದ ಊರಿನ ಪ್ರಸಾರ ಗೋಪುರದಿಂದಲ್ಲ, ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಉಪಗ್ರಹದಿಂದ.

ಆ ಪ್ರಯೋಗದ ಹೆಸರು 'ಸೈಟ್'. ಉಪಗ್ರಹದ ಮೂಲಕ ಶಿಕ್ಷಣ ನೀಡುವ ಟಿ.ವಿ. ಪ್ರಯೋಗ ಎಂಬುದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಆದ ಪದ ಅದು. 1975ರ ಆಗಸ್ಟ್ 1ರಂದು ಆರಂಭವಾಗಿ 1976ರ ಜುಲೈ 31ರಂದು ಮುಗಿದ ಈ ಪ್ರಯೋಗ ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒರಿಸ್ಸಾ ಮತ್ತು ರಾಜಸ್ಥಾನಗಳ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ರಾಜ್ಯಕ್ಕೆ ಸರಾಸರಿ 400 ಹಳ್ಳಿಗಳಾದವು. ಕರ್ನಾಟಕದ ಆಗಿನ ಮೂರು ಜಿಲ್ಲೆಗಳು ಇಂದು ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ ಮತ್ತು ಬಾಗಲಕೋಟೆ ಎಂದು ಆರಾಗಿವೆ.

ಆ ಆಗಸ್ಟ್ 1ರಂದು ಕಲ್ಕತ್ತಾದಲ್ಲಿ ಟಿ.ವಿ. ಕೇಂದ್ರ ಇರಲಿಲ್ಲ. ಅದು ಬಂದದ್ದು ಆಗಸ್ಟ್ 9ರಂದು. ಮದ್ರಾಸಿಗೆ ಬಂದದ್ದು ಆಗಸ್ಟ್ 15ರಂದು. ಹೊಸ ಸೌಕರ್ಯ ಯಾವುದೇ ಇರಲಿ, ರಾಜಧಾನಿಗೆ ಬಂದು, ಜಿಲ್ಲಾ ಕೇಂದ್ರಕ್ಕೆ ಇಳಿದು, ಕೊನೆಗೆ ಹಳ್ಳಿಗೆ ತಲುಪುವುದು ನಮ್ಮಲ್ಲಿನ ವಾಡಿಕೆ. ಆ ಒಂದು ವರ್ಷ ಮಾತ್ರ ಅದು ತಿರುಗುಮುರುಗಾಯಿತು.

ಸಾರಾಭಾಯಿ ಕಂಡ ಕನಸು

ಇದರ ಹಿಂದಿದ್ದವರು ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಜನಕ ವಿಕ್ರಮ್ ಸಾರಾಭಾಯಿ. ದೇಶದಲ್ಲಿ ಟಿ.ವಿ. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಶುರುವಾಗಿತ್ತು. 1961ರಲ್ಲಿ ಅಲ್ಲಿನ ಪ್ರೌಢಶಾಲೆಗಳಿಗೆ ಟಿ.ವಿ. ಪಾಠಗಳೂ ಆರಂಭವಾದವು. ಆದರೆ ಒಂದೊಂದೇ ನಗರದಲ್ಲಿ ಗೋಪುರ ನಿಲ್ಲಿಸುತ್ತಾ ಹೋದರೆ ಹಳ್ಳಿಗಳ ಸರದಿ ಬರುವುದು ಯಾವಾಗ? ಉಪಗ್ರಹವಾದರೆ ನಗರ, ಹಳ್ಳಿ ಎಂಬ ಭೇದವಿಲ್ಲ. ಮೇಲಿನಿಂದ ಬೀಳುವ ಸಂಕೇತ ಎಲ್ಲ ಕಡೆಗೂ ಒಂದೇ ಸಮನಾಗಿ ಬೀಳುತ್ತದೆ. ಸಾರಾಭಾಯಿ ಅವರ ವಾದ ಇದಾಗಿತ್ತು.

1969ರ ಸೆಪ್ಟೆಂಬರ್‌ನಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ಅಮೆರಿಕದ ನಾಸಾ ನಡುವೆ ಒಪ್ಪಂದವಾಯಿತು. ಉಪಗ್ರಹ ಅಮೆರಿಕದ್ದು. ಭೂಮಿಯ ಮೇಲಿನ ಉಪಕರಣಗಳು, ಕಾರ್ಯಕ್ರಮಗಳು, ನಿರ್ವಹಣೆ ಎಲ್ಲ ಭಾರತದ್ದು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡರು. ತಮ್ಮ ಯೋಜನೆ ನಡೆದದ್ದನ್ನು ಅವರು ನೋಡಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಯಶಪಾಲ್ ಮತ್ತು ಏಕನಾಥ ಚಿಟ್ನಿಸ್ ಅವರಂಥವರು ಕೆಲಸವನ್ನು ಮುಂದುವರಿಸಿದರು.

1974ರ ಮೇ 30ರಂದು ನಾಸಾ ಹಾರಿಸಿದ 'ಎ.ಟಿ.ಎಸ್.-6' ಉಪಗ್ರಹ ಮೊದಲ ವರ್ಷ ಅಮೆರಿಕದ ಕೆಲಸಕ್ಕೆ ಬಳಕೆಯಾಯಿತು. ಬಳಿಕ ಅದನ್ನು ಭಾರತಕ್ಕೆ ಕಾಣುವಂತೆ ಪೂರ್ವಕ್ಕೆ ಸರಿಸಲಾಯಿತು. ಅದರ ಬೆನ್ನ ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವ, ಸುಮಾರು 9 ಮೀಟರ್ ಅಗಲದ ಆಂಟೆನಾ ಇತ್ತು. ಆಕಾಶದ ಆಂಟೆನಾ ಅಷ್ಟು ದೊಡ್ಡದಾಗಿದ್ದರಿಂದಲೇ ನೆಲದ ಆಂಟೆನಾ ಚಿಕ್ಕದಾಗಿದ್ದರೂ ಸಾಕಾಯಿತು. ಹಳ್ಳಿಗಳಿಗಾಗಿ ನಮ್ಮ ಎಂಜಿನಿಯರುಗಳು ರೂಪಿಸಿದ್ದು 3 ಮೀಟರ್ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ತಟ್ಟೆ. ಅಗ್ಗ, ಹಗುರ, ಹರಿದರೆ ಸ್ಥಳದಲ್ಲೇ ರಿಪೇರಿ ಮಾಡಬಹುದು. ಟಿ.ವಿ. ಪೆಟ್ಟಿಗೆಗಳನ್ನು ಹೈದರಾಬಾದಿನ ಸರ್ಕಾರಿ ಸಂಸ್ಥೆ ಇಸಿಐಎಲ್ ತಯಾರಿಸಿತು. ಅವು ಸಾರ್ವಜನಿಕ ಕಟ್ಟಡಗಳಲ್ಲಿ, ಹೆಚ್ಚಾಗಿ ಶಾಲೆಗಳಲ್ಲಿ ಕುಳಿತವು.

ಇಪ್ಪತ್ತೆರಡೂವರೆ ನಿಮಿಷ

ಪ್ರಸಾರ ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆಲ್ಲ. ಬೆಳಗಿನ ಒಂದೂವರೆ ಗಂಟೆಯನ್ನು ಹಿಂದಿ, ಕನ್ನಡ, ತೆಲುಗು, ಒರಿಯಾ ಎಂಬ ನಾಲ್ಕು ಭಾಷೆಗಳಿಗೆ ಸಮನಾಗಿ ಹಂಚಲಾಗಿತ್ತು. ಹೀಗಾಗಿ ಕನ್ನಡದ ಮಗುವಿಗೆ ದಕ್ಕುತ್ತಿದ್ದುದು ದಿನಕ್ಕೆ ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಪ್ರಸಾರದಲ್ಲಿ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸಾಮಾನ್ಯವಾದ ಹಿಂದಿ ಕಾರ್ಯಕ್ರಮವಿತ್ತು. ಉಳಿದ ಸಮಯದಲ್ಲಿ ಕೃಷಿ, ಆರೋಗ್ಯ, ಕುಟುಂಬ ಯೋಜನೆ ಮತ್ತು ಮನರಂಜನೆ ಆಯಾ ಭಾಷೆಗಳಲ್ಲಿ ಬರುತ್ತಿದ್ದವು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ ಇತ್ತೆಂಬುದನ್ನೂ, ಟಿ.ವಿ. ಪೂರ್ತಿಯಾಗಿ ಸರ್ಕಾರದ ಕೈಯಲ್ಲಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು.

ಬೆಳಗಿನ ಕಾರ್ಯಕ್ರಮ 5ರಿಂದ 12 ವರ್ಷದ ಮಕ್ಕಳಿಗೆಂದು ಇತ್ತು. ಪಠ್ಯಪುಸ್ತಕವನ್ನು ಪರದೆಯ ಮೇಲೆ ಓದಿಸುವುದು ಅದರ ಉದ್ದೇಶವಾಗಿರಲಿಲ್ಲ. ಶಾಲೆ ಎಂದರೆ ಬೇಸರವಲ್ಲ ಎನ್ನಿಸಬೇಕು, ಸುತ್ತಲಿನ ಜಗತ್ತಿನ ಬಗ್ಗೆ ಪ್ರಶ್ನೆ ಏಳಬೇಕು, ಮಾತು ಮತ್ತು ಲೆಕ್ಕದ ಮೂಲ ಪಾಠ ಗಟ್ಟಿಯಾಗಬೇಕು, ಮಕ್ಕಳು ಅರ್ಧಕ್ಕೆ ಶಾಲೆ ಬಿಡುವುದು ಕಡಿಮೆಯಾಗಬೇಕು ಎಂಬುದು ಆಶಯ. ಇಸ್ರೊ ಮುಂಬಯಿಯಲ್ಲಿ ತನ್ನದೇ ಸ್ಟುಡಿಯೋ ಇಟ್ಟುಕೊಂಡು ಮಕ್ಕಳಿಗಾಗಿ ವಿಜ್ಞಾನ ಕಾರ್ಯಕ್ರಮಗಳನ್ನು ತಯಾರಿಸಿತು. ಉಳಿದ ಹೆಚ್ಚಿನ ಕಾರ್ಯಕ್ರಮಗಳು ದೆಹಲಿ, ಕಟಕ್ ಮತ್ತು ಹೈದರಾಬಾದಿನ ನಿರ್ಮಾಣ ಕೇಂದ್ರಗಳಲ್ಲಿ ಸಿದ್ಧವಾಗುತ್ತಿದ್ದವು. ಕನ್ನಡದ ಕಾರ್ಯಕ್ರಮಗಳ ಪಾಲಿಗೆ ಬಂದದ್ದು ಹೈದರಾಬಾದ್. ಕರ್ನಾಟಕದೊಳಗೆ ಆಗ ಟಿ.ವಿ. ಸ್ಟುಡಿಯೋ ಇರಲಿಲ್ಲ.

ಒಂದು ವರ್ಷ ದಿನವೂ ಕಾರ್ಯಕ್ರಮ ಒದಗಿಸುವುದು ಉಪಗ್ರಹವನ್ನು ನಡೆಸುವುದಕ್ಕಿಂತ ಸುಲಭವಾಗಿರಲಿಲ್ಲ. 5 ವರ್ಷದ ಮಗುವಿಗೆ ಹಿಡಿಸುವುದು 12ರ ಹುಡುಗನಿಗೆ ಹಿಡಿಸದು. ಮಧ್ಯಪ್ರದೇಶ, ಬಿಹಾರ, ರಾಜಸ್ಥಾನಗಳ ಹಳ್ಳಿಗಳಿಗೆಲ್ಲ ಒಂದೇ ಹಿಂದಿ. ಆದರೆ ಆ ಹಳ್ಳಿಗಳ ಆಡುಮಾತು ಬೇರೆ ಬೇರೆ. ನಮ್ಮ ಮೂರು ಜಿಲ್ಲೆಗಳಲ್ಲೂ ಗುಲ್ಬರ್ಗ ಮತ್ತು ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ, ಬಿಜಾಪುರ ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಪುಸ್ತಕದ ಕನ್ನಡಕ್ಕೂ ಅಲ್ಲಿನ ಮನೆಮಾತಿಗೂ ಇರುವ ದೂರ ಬಲ್ಲವರಿಗೆ ಗೊತ್ತು.

ಮೇಷ್ಟ್ರುಗಳನ್ನೂ ಮರೆತಿರಲಿಲ್ಲ. ರಜೆಯ ದಿನಗಳಲ್ಲಿ ಇದೇ ಉಪಗ್ರಹದ ಮೂಲಕ, ಜೊತೆಗೆ ರೇಡಿಯೋ, ಮುದ್ರಿತ ಪಾಠ ಮತ್ತು ಕೈಯಾರೆ ಮಾಡುವ ಪ್ರಯೋಗಗಳನ್ನು ಸೇರಿಸಿ, ಸುಮಾರು 50 ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. ಅಷ್ಟು ಜನರನ್ನು ಒಂದು ಕಡೆ ಸೇರಿಸಿ ಕಲಿಸುವುದು ಆ ಕಾಲದಲ್ಲಿ ಯೋಚಿಸಲೂ ಆಗದ ಮಾತಾಗಿತ್ತು.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಸೈಟ್‌ನ ಹೆಚ್ಚುಗಾರಿಕೆ ಎಂದರೆ ಅದು ತನ್ನನ್ನು ತಾನೇ ಕಟುವಾಗಿ ಅಳೆದುಕೊಂಡದ್ದು. ಟಿ.ವಿ. ಇದ್ದ ಹಳ್ಳಿಗಳನ್ನು ಇಲ್ಲದ ಹಳ್ಳಿಗಳೊಂದಿಗೆ ಹೋಲಿಸಲಾಯಿತು. ಬಿನೋದ್ ಅಗ್ರವಾಲ್ ಮುಂತಾದ ಮಾನವಶಾಸ್ತ್ರಜ್ಞರ ತಂಡ ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನಜೀವನವನ್ನು ಗಮನಿಸಿತು.

ಆರಂಭದ ಸಂಜೆಗಳಲ್ಲಿ ಒಂದೊಂದು ಪೆಟ್ಟಿಗೆಯ ಮುಂದೆ ನೂರಾರು ಜನ ಸೇರುತ್ತಿದ್ದರು. ಹೊಸತನ ಕಳೆದ ಮೇಲೆ ಸಂಖ್ಯೆ ಇಳಿಯಿತು. ಆದರೂ ಮಕ್ಕಳು ಮಾತ್ರ ತಪ್ಪಿಸುತ್ತಿರಲಿಲ್ಲ. ಬೆಳಿಗ್ಗೆ ಪಾಠ ನೋಡಿದವರೇ ಸಂಜೆ ದೊಡ್ಡವರ ಕಾರ್ಯಕ್ರಮಕ್ಕೂ ಮುಂದಿನ ಸಾಲಿನಲ್ಲಿ ಹಾಜರಿರುತ್ತಿದ್ದರು. ನೋಡಲು ಬಂದ ದೊಡ್ಡವರಲ್ಲಿ ಬಹಳಷ್ಟು ಮಂದಿ ಅದಕ್ಕೆ ಮೊದಲು ಪತ್ರಿಕೆ ಓದಿದವರಲ್ಲ, ರೇಡಿಯೋ ಕೇಳಿದವರಲ್ಲ, ಸಿನಿಮಾ ನೋಡಿದವರೂ ಅಲ್ಲ.

ಫಲಿತಾಂಶ ಎರಡು ಬಗೆಯದು. ಶಾಲೆಗೆ ಸೇರುವವರ ಸಂಖ್ಯೆ ಟಿ.ವಿ.ಯಿಂದ ಹೆಚ್ಚಲಿಲ್ಲ. ಅರ್ಧಕ್ಕೆ ಬಿಡುವವರ ಸಂಖ್ಯೆಯೂ ತಗ್ಗಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಗು ಶಾಲೆ ಬಿಡುವುದು ಪಾಠ ರುಚಿಸದೆ ಮಾತ್ರವಲ್ಲ. ಹೊಲದ ಕೆಲಸ, ದನ ಕಾಯುವ ಕೆಲಸ, ತಂಗಿ ತಮ್ಮಂದಿರನ್ನು ನೋಡಿಕೊಳ್ಳುವ ಕೆಲಸ ಕರೆದಾಗ ಅದು ಹೋಗಲೇಬೇಕು. ಅದಕ್ಕೆ ಉಪಗ್ರಹದ ಬಳಿ ಉತ್ತರವಿರಲಿಲ್ಲ. ಆದರೆ ಮಕ್ಕಳ ಭಾಷೆ ಸುಧಾರಿಸಿದ್ದು ಕಂಡುಬಂತು. ಮೇಷ್ಟ್ರು ಹೇಳಿದ್ದರ ಆಚೆಗೂ ತಿಳಿದುಕೊಳ್ಳಲು ಏನೋ ಇದೆ, ಅದನ್ನು ಬೇರೆ ಕಡೆಯಿಂದಲೂ ಪಡೆಯಬಹುದು ಎಂಬ ಆಸಕ್ತಿ ಬೆಳೆದದ್ದೂ ಕಂಡುಬಂತು. ಒಂದು ವರ್ಷದ ಇಪ್ಪತ್ತೆರಡೂವರೆ ನಿಮಿಷಗಳಿಗೆ ಇದು ಸಣ್ಣ ಫಲವಲ್ಲ.

1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ಉಪಗ್ರಹವನ್ನು ನಾಸಾ ಹಿಂದಕ್ಕೆ ಸರಿಸಿಕೊಂಡಿತು. ತಂತಿಬಲೆಯ ತಟ್ಟೆಗಳು ಆಕಾಶದತ್ತ ಮುಖ ಮಾಡಿಯೇ ನಿಂತಿದ್ದವು, ಬರುವ ಸಂಕೇತ ನಿಂತಿತ್ತು. ಆ ಬಳಿಕ ಸೈಟ್ ಪ್ರದೇಶಗಳಿಗೆ ಪರ್ಯಾಯವಾಗಿ ನೆಲದ ಪ್ರಸಾರ ಕೇಂದ್ರಗಳನ್ನು ಕೊಡಲಾಯಿತು. 1977ರ ಸೆಪ್ಟೆಂಬರ್‌ನಲ್ಲಿ ಗುಲ್ಬರ್ಗದಲ್ಲಿ ಅಂಥ ಕೇಂದ್ರ ಶುರುವಾಯಿತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರ ಎಂಬ ಹಿರಿಮೆ ಅದರದ್ದು. ಆದರೆ ಗೋಪುರದ ಸಂಕೇತ ಮುಟ್ಟುವುದು ಸುತ್ತಲಿನ ಹಳ್ಳಿಗಳನ್ನು ಮಾತ್ರ. ದೂರದ ಊರುಗಳ ಪೆಟ್ಟಿಗೆಗಳು ಮತ್ತೆ ಮಾತಾಡಲು ಬಹುಕಾಲ ಕಾಯಬೇಕಾಯಿತು.

ಶಾಲೆಯಿಂದ ಮನೆಗೆ

1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು. 1984ರಲ್ಲಿ ಧಾರಾವಾಹಿಗಳು ಶುರುವಾದವು. 1987ರಲ್ಲಿ 'ರಾಮಾಯಣ' ಬಂದಾಗ ಭಾನುವಾರದ ಬೆಳಿಗ್ಗೆ ಬೀದಿಗಳು ಖಾಲಿಯಾದವು. ಶಾಲೆಯ ಗೋಡೆಯ ಪಕ್ಕದಲ್ಲಿದ್ದ ಪೆಟ್ಟಿಗೆ ಅಷ್ಟರಲ್ಲಿ ಮನೆಯ ಪಡಸಾಲೆಗೆ ಬಂದಿತ್ತು. ಮಕ್ಕಳಿಗಾಗಿ ಹುಟ್ಟಿದ ಸಾಧನ ಜಾಹೀರಾತಿನ ಸಾಧನವಾಯಿತು. 1983ರಲ್ಲಿ ಹಾರಿದ 'ಇನ್ಸಾಟ್-1ಬಿ' ಮೂಲಕ ಶಾಲಾ ಟಿ.ವಿ. ಮತ್ತೆ ಆರಂಭವಾಯಿತಾದರೂ, ಅದಕ್ಕಾಗಿ ಆರಿಸಿಕೊಂಡ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ.

ಉಪಗ್ರಹ ಪಾಠ ಮತ್ತೆ ಕನ್ನಡ ಶಾಲೆಗೆ ಬಂದದ್ದು 2004ರ ಸೆಪ್ಟೆಂಬರ್ 20ರಂದು ಇಸ್ರೊ ಹಾರಿಸಿದ 'ಎಡುಸ್ಯಾಟ್' ನಂತರ. ಆಗ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಪಾಠ ಬಿತ್ತರವಾಯಿತು. ಆ ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಹಳೆಯ ಪ್ರಶ್ನೆಗಳೆಲ್ಲ ಒಮ್ಮೆಲೇ ಎದುರು ಬಂದವು. ಆ ಜುಲೈನಲ್ಲಿ ಚಂದನ ವಾಹಿನಿಯಲ್ಲಿ 8, 9 ಮತ್ತು 10ನೇ ತರಗತಿಗಳಿಗೆ 'ಸಂವೇದ' ಪಾಠಗಳು ಆರಂಭವಾದವು. ಮೊಬೈಲ್ ಇಲ್ಲದ ಮಕ್ಕಳಿಗಾಗಿ ಶಿಕ್ಷಕರೇ ಊರೊಳಗೆ ಹೋಗಿ ಜಗಲಿ, ಗುಡಿ, ಮರದ ನೆರಳುಗಳಲ್ಲಿ ಕಲಿಸುವ 'ವಿದ್ಯಾಗಮ' ಆಗಸ್ಟ್‌ನಲ್ಲಿ ಬಂತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ತಂತ್ರಜ್ಞಾನ ತಲುಪದ ಕಡೆ ಕೊನೆಗೆ ನಡೆದು ಹೋದವರು ಮೇಷ್ಟ್ರುಗಳೇ.

ಇಂದು ಪರದೆಗೆ ಬರವಿಲ್ಲ. ಗ್ರಾಮೀಣ ಭಾರತದಲ್ಲಿ 14ರಿಂದ 18 ವರ್ಷದವರ ಬಗ್ಗೆ 'ಅಸರ್' 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಸುಮಾರು ಶೇ 90ರಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೆ ಅದನ್ನು ಬಳಸಬಲ್ಲ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇದ್ದರೆ, ಹುಡುಗಿಯರಲ್ಲಿ ಆ ಪ್ರಮಾಣ ಶೇ 19.8 ಮಾತ್ರ. ಮನೆಯಲ್ಲಿ ಫೋನ್ ಇದೆ ಎಂದ ಮಾತ್ರಕ್ಕೆ ಮಗುವಿಗೆ ಅದು ಸಿಕ್ಕಿತೆಂದು ಅರ್ಥವಲ್ಲ.

1975ರ ಶಾಲೆಯಲ್ಲಿ ಈ ಒಂದು ಭೇದ ಇರಲಿಲ್ಲ. ಪೆಟ್ಟಿಗೆ ಯಾರ ಸ್ವಂತದ್ದೂ ಆಗಿರಲಿಲ್ಲ. ಶಾಲೆಗೆ ಬಂದ ಹುಡುಗಿಗೂ ಹುಡುಗನಿಗೂ ಒಂದೇ ಪರದೆ, ಒಂದೇ ಚಾಪೆ. ನೋಡುವುದು ಕಡಿಮೆ, ನೋಡಿದ್ದನ್ನು ಕುರಿತು ಮಾತಾಡಲು ಪಕ್ಕದಲ್ಲಿ ಜೊತೆಗಾರರಿದ್ದರು, ಎದುರಿಗೆ ಮೇಷ್ಟ್ರಿದ್ದರು. ಈಗಿನ ಮಗು ಗಂಟೆಗಟ್ಟಲೆ ನೋಡುತ್ತದೆ, ಬಹುಮಟ್ಟಿಗೆ ಒಂಟಿಯಾಗಿ ನೋಡುತ್ತದೆ.

ಸೈಟ್ ಯೋಜನೆಯ ಮುಂಚೂಣಿಯಲ್ಲಿದ್ದ ಯಶಪಾಲ್ ಅವರೇ ಮುಂದೆ ಶಾಲಾ ಮಕ್ಕಳ ಹೊರೆಯನ್ನು ಕುರಿತ ಸಮಿತಿಯ ಅಧ್ಯಕ್ಷರಾಗಿ 1993ರಲ್ಲಿ ವರದಿ ಕೊಟ್ಟರು. ಪುಸ್ತಕದ ಚೀಲದ ಭಾರಕ್ಕಿಂತ ಅರ್ಥವಾಗದ್ದನ್ನು ಕಲಿಯಬೇಕಾದ ಭಾರವೇ ದೊಡ್ಡದು ಎಂಬುದು ಅದರ ತಿರುಳು. ಉಪಗ್ರಹ ತಂದವರೂ ಹೊರೆ ಇಳಿಸಬೇಕೆಂದವರೂ ಒಬ್ಬರೇ ಎಂಬುದು ಆಕಸ್ಮಿಕವಲ್ಲ. ಹೊಸ ಉಪಕರಣವೊಂದು ಶಾಲೆಗೆ ಬಂದಾಗಲೆಲ್ಲ ಎಷ್ಟು ಬಂತು ಎಂದು ಎಣಿಸುವುದು ಸುಲಭ. ಯಾವ ಭಾಷೆಯಲ್ಲಿ ಬಂತು, ಯಾರ ಕೈಗೆ ಸಿಕ್ಕಿತು, ಮರುವರ್ಷವೂ ಇತ್ತೇ ಎಂದು ಕೇಳುವವರು ಕಡಿಮೆ. ಉತ್ತರ ಕರ್ನಾಟಕದ ನಾನ್ನೂರರಷ್ಟು ಹಳ್ಳಿಗಳಲ್ಲಿ ಆ ಮೂರನೆಯ ಪ್ರಶ್ನೆಗೆ 1976ರ ಆಗಸ್ಟ್ 1ರ ಬೆಳಿಗ್ಗೆ ಸಿಕ್ಕಿದ ಉತ್ತರ, ಇಲ್ಲ ಎಂಬುದು.