ಎಸೆದ ಹರಳು ಎದುರಾಳಿಯ ಬಂಡವಾಳ

ಕಾಸರಗೋಡಿನ ಕಡೆ ಚೆನ್ನೆಮಣೆ, ಬಯಲುಸೀಮೆಯಲ್ಲಿ ಅಳಗುಳಿಮಣೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು ಎಂದು ಕರೆಯುವ ಆಟ ನಿಮಗೆಲ್ಲ ಗೊತ್ತು. ಕೈಯಲ್ಲಿರುವ ಕಾಳನ್ನು ಗುಳಿಗೊಂದರಂತೆ ಬಿಡುತ್ತ ಹೋದಾಗ ನಮ್ಮ ಕಾಳು ಎದುರಿನವರ ಗುಳಿಗೂ ಬೀಳುತ್ತದೆ. ಬಿದ್ದ ಮೇಲೆ ಅದು ಅವರ ಕಾಳು. ಅದನ್ನೇ ಎತ್ತಿಕೊಂಡು ಅವರು ನಮ್ಮನ್ನು ಸೋಲಿಸಲೂಬಹುದು. ಇಂಥದೇ ತಿರುಳುಳ್ಳ ಒಂದು ವಿಡಿಯೋ ಆಟ 1996ರಲ್ಲಿ ಜಪಾನಿನಲ್ಲಿ ಸಿದ್ಧವಾಯಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಆದರೆ ನಮ್ಮ ಮಣೆಯ ಲೆಕ್ಕ ತಿಳಿದವರಿಗೆ ಆ ಆಟದ ಗುಟ್ಟು ಬೇಗ ಹಿಡಿಯುತ್ತದೆ. ಅದರ ಚರಿತ್ರೆಯನ್ನು ಇಂದು ನೋಡೋಣ.

ಮೇಲಿನಿಂದ ತುಂಡುಗಳು ಇಳಿದು ಬರುವುದು, ಅವನ್ನು ಹೊಂದಿಸಿ ಮಾಯ ಮಾಡುವುದು: ಈ ಬಗೆಯ ಆಟಗಳಿಗೆಲ್ಲ ಹಿರಿಯಣ್ಣನೆಂದರೆ ಟೆಟ್ರಿಸ್. ಅದನ್ನು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೆಯ್ ಪಾಜಿತ್ನೋವ್ ರಚಿಸಿದರು. 1989ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿದ್ದ ಜೇ ಗೀರ್ಟ್ಸೆನ್, ಹೊಸದೊಂದು ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಯಲೆಂದು ಕಾಲಮ್ಸ್ ಎಂಬ ಆಟವನ್ನು ಬರೆದರು. ಇಲ್ಲಿ ಇಳಿದು ಬರುವುದು ಮೂರು ರತ್ನಗಳ ಕಂಬ. ಒಂದೇ ಬಣ್ಣದ ಮೂರು ರತ್ನಗಳು ಅಡ್ಡಕ್ಕೋ ಉದ್ದಕ್ಕೋ ಓರೆಗೋ ಸಾಲಾದರೆ ಮಾಯವಾಗುತ್ತವೆ. ಸೇಗಾ ಕಂಪನಿ ಇದರ ಹಕ್ಕು ಪಡೆದು 1990ರಲ್ಲಿ ತನ್ನ ಯಂತ್ರಗಳಿಗೆ ತಂದಿತು. ರತ್ನ ಜೋಡಿಸುವ ಆಟ ಹೀಗೆ ಮನೆಮಾತಾಯಿತು.

ಆದರೆ ಒಬ್ಬರೇ ಕುಳಿತು ಅಂಕ ಗಳಿಸುವುದು ಬೇರೆ, ಇಬ್ಬರು ಎದುರುಬದುರಾಗುವುದು ಬೇರೆ. 1991ರಲ್ಲಿ ಜಪಾನಿನ ಕಂಪೈಲ್ ಸಂಸ್ಥೆ ಪುಯೋ ಪುಯೋ ಎಂಬ ಆಟ ತಂದಿತು. 1992ರಲ್ಲಿ ಅದು ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಬಂದಾಗ ಇಬ್ಬರ ಸೆಣಸಾಟವೇ ಅದರ ಜೀವಾಳವಾಯಿತು. ನಾನು ನನ್ನ ಕಡೆ ಸರಪಳಿಯಂತೆ ತುಂಡುಗಳನ್ನು ಕರಗಿಸಿದರೆ ನಿಮ್ಮ ಕಡೆ ಕಸ ಬೀಳುತ್ತದೆ. ಆ ಕಸ ಕಸವೇ; ಪಕ್ಕದ ತುಂಡು ಕರಗಿದಾಗ ಅದೂ ಹೋಗುತ್ತದೆ, ಅಷ್ಟೇ.

ಇಂಥ ಹೊತ್ತಿನಲ್ಲಿ, 1996ರಲ್ಲಿ, ಕ್ಯಾಪ್‌ಕಾಮ್ ಕಂಪನಿ ಸೂಪರ್ ಪಜಲ್ ಫೈಟರ್ ಟೂ ಟರ್ಬೋ ಎಂಬ ಆಟವನ್ನು ಹೊರತಂದಿತು. ತನ್ನ ಹೊಡೆದಾಟದ ಆಟಗಳಲ್ಲಿ ಹೆಸರಾದ ಪಾತ್ರಗಳನ್ನು ಗುಜ್ಜಾರಿ ಗೊಂಬೆಗಳಂತೆ ಬರೆದು ಪರದೆಯ ನಡುವೆ ನಿಲ್ಲಿಸಿತು. ಎಡಕ್ಕೊಂದು, ಬಲಕ್ಕೊಂದು ಅಂಕಣ. ಒಂದೊಂದರಲ್ಲಿ ಆರು ಸಾಲು. ಕೆಂಪು, ಹಳದಿ, ಹಸಿರು, ನೀಲಿ ಹರಳುಗಳು ಎರಡೆರಡಾಗಿ ಇಳಿಯುತ್ತವೆ. ಎಡದಿಂದ ನಾಲ್ಕನೆಯ ಸಾಲು ಮೇಲಿನವರೆಗೆ ತುಂಬಿದವರು ಸೋತಂತೆ.

ಇಲ್ಲಿ ಹರಳುಗಳು ಸಾಲಾದ ಮಾತ್ರಕ್ಕೆ ಕರಗುವುದಿಲ್ಲ. ಆಗಾಗ ಬರುವ ಒಡೆಯುವ ಗೋಲಿ ತನ್ನ ಬಣ್ಣದ ಹರಳನ್ನು ಮುಟ್ಟಿದರೆ, ಅದಕ್ಕೆ ಅಂಟಿದ ಅದೇ ಬಣ್ಣದ ಹರಳುಗಳೆಲ್ಲ ಒಡೆಯುತ್ತವೆ. ಎರಡಕ್ಕೆರಡು ಇಲ್ಲವೇ ಅದಕ್ಕಿಂತ ದೊಡ್ಡ ಚೌಕವಾಗಿ ಕೂಡಿಸಿದರೆ ಅವೆಲ್ಲ ಒಂದೇ ದೊಡ್ಡ ರತ್ನವಾಗಿ, ಒಡೆದಾಗ ಪೆಟ್ಟು ಹೆಚ್ಚು. 25 ಜೋಡಿಗೊಮ್ಮೆ ಒಂದು ವಜ್ರ ಬರುತ್ತದೆ. ಅದು ಯಾವ ಬಣ್ಣದ ಮೇಲೆ ಕೂರುತ್ತದೋ ಆ ಬಣ್ಣವೆಲ್ಲ ಅಂಕಣದಿಂದ ಖಾಲಿ.

ಒಡೆದ ಹರಳಿನ ಲೆಕ್ಕಕ್ಕೆ ತಕ್ಕಂತೆ ಎದುರಾಳಿಯ ಮೇಲೆ ಅಂಕೆ ಬರೆದ ಹರಳುಗಳು ಸುರಿಯುತ್ತವೆ. ಅಂಕೆ ಐದರಿಂದ ಆರಂಭ. ಆತ ಒಂದೊಂದು ಜೋಡಿ ಇಳಿಸಿದಂತೆ ಐದು ನಾಲ್ಕಾಗಿ, ನಾಲ್ಕು ಮೂರಾಗಿ, ಕೊನೆಗೆ ಅವು ಸಾಮಾನ್ಯ ಹರಳುಗಳಾಗಿಬಿಡುತ್ತವೆ. ಆಗ ಅವು ಅವನ ಆಸ್ತಿ. ಪುಯೋ ಪುಯೋದಲ್ಲಿ ಕಸವಾಗಿದ್ದದ್ದು ಇಲ್ಲಿ ಬಂಡವಾಳವಾಯಿತು. ಅರೆಮನಸ್ಸಿನಿಂದ ಹೊಡೆದವನು ಎದುರಾಳಿಗೆ ಸಾಲ ಕೊಟ್ಟಂತೆ. ಐದು ಸರದಿ ತಡೆದುಕೊಂಡವನು ಅದನ್ನೇ ತಿರುಗಿಸಿ ಎಸೆಯುತ್ತಾನೆ. ಹಾಗೆಂದು ಕೂಡಿಡುತ್ತಲೇ ಕುಳಿತರೆ ಅಂಕಣ ತುಂಬಿ ಹೋಗುತ್ತದೆ. ಈ ತೂಗುಯ್ಯಾಲೆಯಲ್ಲೇ ಆಟದ ಸೊಗಸಿದೆ.

ಇನ್ನೊಂದು ವಿಶೇಷ: ಸುರಿಯುವ ಹರಳುಗಳ ಬಣ್ಣದ ವಿನ್ಯಾಸ ಪಾತ್ರಕ್ಕೊಂದು ಬಗೆ, ಮೊದಲೇ ಎಲ್ಲರಿಗೂ ತಿಳಿದದ್ದು. ರ್ಯು ಕಳಿಸಿದ್ದು ಒಂದೊಂದು ಬಣ್ಣದ ಉದ್ದ ಕಂಬಗಳಾಗಿ ಬೀಳುತ್ತದೆ, ಕೆನ್ ಕಳಿಸಿದ್ದು ಅಡ್ಡ ಪಟ್ಟೆಗಳಾಗಿ. ಹಾಸ್ಯಪಾತ್ರವಾದ ಡಾನ್ ಕಳಿಸುವುದೆಲ್ಲ ಬರಿಯ ಕೆಂಪು, ಅಂದರೆ ಎದುರಾಳಿಗೆ ಸಿದ್ಧ ಬುತ್ತಿ! ಹೀಗಾಗಿ ಎದುರಿನವರು ಯಾರೆಂದು ತಿಳಿದು, ಬೀಳಲಿರುವುದಕ್ಕೆ ಮೊದಲೇ ಜಾಗ ಮಾಡಿಕೊಳ್ಳಬಹುದು. ಎದುರಾಳಿಯನ್ನು ಓದಲು ಕಲಿಯದೆ ಈ ಆಟ ಕೈಗೆ ಬಾರದು.

ಎರಡು ಭಾಷೆಯ ನಡುವೆ ಬಾಳುವ ನಮಗೆ ಹತ್ತಿರವಾದ ಮಾತೊಂದಿದೆ. ಈ ಆಟದ ಲೇ-ಲೇ ಎಂಬ ಹುಡುಗಿಗೆ ಜಪಾನಿನ ಹೊರಗೆ ಶೀನ್-ಕೋ ಎಂದು ಹೆಸರು. ಅಲ್ಲಿಯ ಗೌಕಿ ಹೊರಗೆ ಅಕುಮಾ. ಆಟದ ಹೆಸರಿನ ಕೊನೆಯಲ್ಲೂ ಜಪಾನಿನಲ್ಲಿ ಟರ್ಬೋ ಇಲ್ಲ, ಎಕ್ಸ್ ಎಂಬ ಅಕ್ಷರವಿದೆ. ಗಡಿ ದಾಟಿದರೆ ಹೆಸರು ಬೇರೆ, ಆಟ ಅದೇ.

ಈಗ ಆಟದ ಉಳಿವಿನ ಪ್ರಶ್ನೆ. ಇದು ಓಡುತ್ತಿದ್ದದ್ದು ಸಿಪಿಎಸ್-2 ಎಂಬ ಫಲಕದ ಮೇಲೆ. ಕಳ್ಳ ಪ್ರತಿಗಳ ಕಾಟ ತಪ್ಪಿಸಲು ಕ್ಯಾಪ್‌ಕಾಮ್ ಆಟವನ್ನು ಗುಪ್ತಲಿಪಿಯಲ್ಲಿಟ್ಟು, ಅದನ್ನು ಬಿಡಿಸುವ ಕೀಲಿಯನ್ನು ಬ್ಯಾಟರಿಯ ಬಲದಿಂದ ನಿಲ್ಲುವ ನೆನಪಿನಲ್ಲಿಟ್ಟಿತ್ತು. ಬ್ಯಾಟರಿ ತೀರಿದರೆ ಕೀಲಿ ಅಳಿಸಿಹೋಗಿ ಆಟ ಸ್ತಬ್ಧ. ಕಳ್ಳನಿಗೆಂದು ಹಾಕಿದ ಬೀಗ ವರ್ಷಗಳ ನಂತರ ಮನೆಯವರನ್ನೇ ಹೊರಗೆ ನಿಲ್ಲಿಸಿತು. 2016ರಲ್ಲಿ ಹಳೆಯ ಯಂತ್ರಗಳ ಅಭಿಮಾನಿಗಳು ಆ ಕೀಲಿಯನ್ನು ಫಲಕಕ್ಕೆ ಮತ್ತೆ ತುಂಬುವ ದಾರಿ ಕಂಡುಹಿಡಿದರು. ಸತ್ತ ಫಲಕಗಳು ಎದ್ದವು.

ಇತ್ತ 2007ರಲ್ಲಿ ಡೇವಿಡ್ ಸರ್ಲಿನ್ ಎಂಬ ವಿನ್ಯಾಸಕಾರರು ಪಾತ್ರಗಳ ಬಲಾಬಲವನ್ನು ಸರಿದೂಗಿಸಿದ ಹೊಸ ರೂಪ ಬಂದಿತು. 2017ರಲ್ಲಿ ಮೊಬೈಲ್ ಫೋನಿಗೆಂದು ಪಜಲ್ ಫೈಟರ್ ಎಂಬ ಬೇರೆಯದೇ ಆಟ ಬಂದು, 2018ರ ಜುಲೈನಲ್ಲಿ ಕಂಪನಿ ತನ್ನ ಸರ್ವರ್ ನಿಲ್ಲಿಸಿದ್ದರಿಂದ ವರ್ಷ ತುಂಬುವ ಮೊದಲೇ ಕಣ್ಮುಚ್ಚಿತು. 1996ರ ಮೂಲ ಆಟವಾದರೋ 2022ರಲ್ಲಿ ಕ್ಯಾಪ್‌ಕಾಮ್ ಫೈಟಿಂಗ್ ಕಲೆಕ್ಷನ್ ಎಂಬ ಸಂಪುಟದಲ್ಲಿ ಮರಳಿ ಬಂದು, ದೂರದೂರಿನ ಇಬ್ಬರು ಅಂತರ್ಜಾಲದ ಮೂಲಕ ಎದುರಾಗಲು ಅನುವಾಯಿತು.

ಬಂಧುಗಳೇ, ಕಿರಿಯದು ಮೊದಲು ಹೋಯಿತು, ಹಿರಿಯದು ಉಳಿಯಿತು. ಯಂತ್ರಕ್ಕೆ ಬ್ಯಾಟರಿಯಷ್ಟೇ ಆಯಸ್ಸು, ಸರ್ವರಿಗೆ ಕಂಪನಿ ಮನಸ್ಸು ಮಾಡಿದಷ್ಟು. ಆಟಕ್ಕೆ ಮಾತ್ರ, ಎದುರಿಗೆ ಇನ್ನೊಬ್ಬರು ಬೇಕೆನ್ನುವ ಜನ ಇರುವಷ್ಟು. ಅಟ್ಟದ ಮೇಲೆ ಧೂಳು ಹಿಡಿದ ಮಣೆ ನಿಮ್ಮ ಮನೆಯಲ್ಲಿದ್ದರೆ ಕೆಳಗಿಳಿಸಿ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಒಂದು ಹಿಡಿ ಕಾಳು, ಲೆಕ್ಕ ಬಲ್ಲ ಒಬ್ಬ ಅಜ್ಜಿ, ಎದುರು ಕೂರುವ ಒಂದು ಮಗು ಸಾಕು.